ಹೊಳೆಗೆ ತಕ್ಕ ದೋಣಿ, ದೋಣಿಗೆ ತಕ್ಕ ಬಲ

ಮಸ್ಕಿಯಲ್ಲಿ ಹುಟ್ಟಿದ ನನಗೆ ಹೊಳೆಯೆಂದರೆ ದೂರದ ನೆಂಟಸ್ತಿಕೆ. ನಮ್ಮೂರಿಗೆ ಇದ್ದುದು ಒಂದು ಹಳ್ಳ. ಮಳೆಗಾಲದಲ್ಲಿ ಕೆಂಪಾಗಿ ಹರಿದು ಬೇಸಿಗೆಗೆ ಒಣಗಿ ಮಲಗುತ್ತಿತ್ತು. ಊರ ಗುಡ್ಡದ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂತೆಂದು ವರ್ಷವರ್ಷವೂ ಪಾಠ ಹೇಳುವ ನಾನು, ಹೊಳೆಯ ಪಾಠವನ್ನು ಮಾತ್ರ ಅಕ್ಕನಿಂದ ಕಲಿತೆ. ಅವಳನ್ನು ಲಿಂಗಸುಗೂರು ತಾಲ್ಲೂಕಿನಲ್ಲಿ ಕೃಷ್ಣೆಯ ನಡುಗಡ್ಡೆಯ ಒಂದು ದೊಡ್ಡಿಗೆ ಕೊಟ್ಟಿದ್ದರು.

ಹೋದ ಯುಗಾದಿಯ ಮರುದಿನ ಅಕ್ಕನ ಮಗ ಸಿಂಧನೂರಿನ ನಮ್ಮ ಮನೆಗೆ ಬಂದ. ಕೈಯಲ್ಲಿ ಒಂದು ರೇಟಿನ ಪಟ್ಟಿ.

“ಸಣ್ಣವ್ವ, ಹತ್ತು ಫೂಟಿನ ಫೈಬರ್ ದೋಣಿ ಸಿಕ್ಕೈತಿ. ಹದಿನೈದು ಎಚ್‌ಪಿ ಮೋಟಾರ್ ಕೂಡ್ಸಬೇಕಂತ ಮಾಡೀನಿ. ಸ್ವಲ್ಪ ರೊಕ್ಕ ಕಡಿಮಿ ಬಿದ್ದೈತಿ” ಎಂದ.

“ಹದಿನೈದು ಯಾಕಪ್ಪಾ?” ಎಂದೆ.

“ಆಕಿಗೆ ಐದು ತಿಂಗಳು. ಹೊಳಿ ಬಂದ್ರ ಏನ್ ಮಾಡ್ಲಿ? ಜೋರಿಂದು ಇದ್ರ ಸೆಳವು ಸೀಳ್ಕೊಂಡು ಬರಬಹುದು.”

ಅವನ ಮಾತಿನಲ್ಲಿ ಜಂಬವಿರಲಿಲ್ಲ, ಭಯವಿತ್ತು. ಆ ಭಯ ನನಗೂ ಗೊತ್ತು. 1996ರ ಮಳೆಗಾಲದಲ್ಲಿ ಅಕ್ಕನಿಗೆ ನೋವು ಕಾಣಿಸಿದಾಗ ನಾನು ಅಲ್ಲೇ ಇದ್ದೆ. ಹೊಳೆ ತುಂಬಿತ್ತು. ಹರಿಗೋಲಿನ ಅಜ್ಜ ಎದುರು ದಂಡೆಯತ್ತ ನೇರ ಹೋಗಲೇ ಇಲ್ಲ. “ಹೊಳಿ ಕೂಡ ಜಗಳಾಡಬಾರದು ತಾಯಿ” ಎಂದು ನೀರಿನ ಜೊತೆಗೇ ಸಾಗಿದ. ಹುಟ್ಟಿನಿಂದ ಸ್ವಲ್ಪ ಸ್ವಲ್ಪವೇ ಓರೆ ಮಾಡುತ್ತ, ಒಂದು ಮೈಲಿ ಕೆಳಗೆ ದಂಡೆ ಹಿಡಿಸಿದ. ರಸ್ತೆ ಮುಟ್ಟುವಷ್ಟು ಹೊತ್ತು ಸಿಗಲಿಲ್ಲ. ಉಸುಕಿನ ಮೇಲೆ, ನನ್ನ ಸೀರೆಯ ಮರೆಯಲ್ಲಿ ಹುಟ್ಟಿದ ಕೂಸೇ ಈಗ ನನ್ನೆದುರು ರೇಟಿನ ಪಟ್ಟಿ ಹಿಡಿದು ಕುಳಿತಿದ್ದ.

ಹರಿಗೋಲು ನಿನ್ನೆ ಮೊನ್ನೆಯದಲ್ಲ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬುಟ್ಟಿಯಂತೆ ದುಂಡಗಿನ ದೋಣಿಗಳ ಬಗ್ಗೆ ಬರೆದಿದ್ದಾನೆ. ಒಳಗೆ ಹೆಣಿಗೆ, ಹೊರಗೆ ಚರ್ಮ. ಹದಿನೈದು ಇಪ್ಪತ್ತು ಜನ ಕೂಡುತ್ತಿದ್ದರಂತೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದರಂತೆ. ನೇರ ಹೋಗದೆ ಗಿರಗಿರ ತಿರುಗುತ್ತದೆಂಬುದನ್ನೂ ಅವನು ಗಮನಿಸಿದ್ದಾನೆ. ನಮ್ಮ ಕಾಲಕ್ಕೆ ಚರ್ಮದ ಬದಲು ಪ್ಲಾಸ್ಟಿಕ್ ತಾಡಪಾಲು, ಡಾಂಬರು ಬಂದವು. ತಿರುಗುವುದು ಮಾತ್ರ ತಪ್ಪಲಿಲ್ಲ. ತಳ ದುಂಡಗಿರುವ ಬುಟ್ಟಿಗೆ ಎಂಜಿನ್ ಕಚ್ಚಿಸಲು ನೆಟ್ಟಗಿನ ಹಿಂಬದಿಯೇ ಇಲ್ಲ. ಮಗನಿಗೆ ಫೈಬರ್ ದೋಣಿ ಬೇಕಾದದ್ದು ಇದಕ್ಕೇ.

ದೋಣಿಯ ಹಿಂಬದಿ ಹಲಗೆಗೆ ಹೊರಗಿನಿಂದ ಕಚ್ಚಿಸುವ ಎಂಜಿನ್ನಿಗೆ ಔಟ್‌ಬೋರ್ಡ್ ಮೋಟಾರ್ ಎನ್ನುತ್ತಾರೆ. ಇದನ್ನು ಮನೆಮಾತಾಗಿಸಿದವನು ಅಮೆರಿಕದ ಮಿಲ್ವಾಕಿಯ ಓಲೆ ಎವಿನ್‌ರೂಡ್. ಗೆಳತಿ ಬೆಸ್‌ಗೆ ಐಸ್‌ಕ್ರೀಮ್ ತರಲು ಬಿಸಿಲಲ್ಲಿ ಕೆರೆಯುದ್ದಕ್ಕೂ ಹುಟ್ಟು ಹಾಕಿ ದಣಿದಾಗ ಅವನಿಗೆ ಈ ಯೋಚನೆ ಬಂತೆಂದು ಕಥೆ. ಮೊದಲ ಮಾದರಿ ನೋಡಿ ಬೆಸ್, ಕಾಫಿಬೀಜ ಬೀಸುವ ಯಂತ್ರದ ಹಾಗಿದೆಯಲ್ಲ ಎಂದಳಂತೆ. ಆದರೆ 1909ರಲ್ಲಿ ಮಾರಾಟ ಶುರುವಾದಾಗ ಲೆಕ್ಕಪತ್ರ, ಕಾಗದ ವ್ಯವಹಾರ, ಜಾಹೀರಾತು ನೋಡಿಕೊಂಡವಳು ಆಗ ಅವನ ಹೆಂಡತಿಯಾಗಿದ್ದ ಅವಳೇ. ಆ ಮೋಟಾರಿನ ಬಲ ಎಷ್ಟು ಗೊತ್ತೇ? ಬರೀ ಒಂದೂವರೆ ಎಚ್‌ಪಿ. ತೂಕ 28 ಕಿಲೋ. ಬೆಸ್‌ಳ ಆರೋಗ್ಯ ಕೆಟ್ಟು 1914ರಲ್ಲಿ ಕಂಪನಿ ಮಾರಿದರು. 1921ರಲ್ಲಿ ಮತ್ತೆ ಹೊಸ ಕಂಪನಿ ಕಟ್ಟಿದಾಗ ಅಲ್ಯೂಮಿನಿಯಂ ಬಳಸಿ, ಹೆಚ್ಚು ಬಲದ ಆದರೆ ಇನ್ನೂ ಹಗುರಾದ ಮೋಟಾರ್ ಮಾಡಿದರು. ಬಲ ಹೆಚ್ಚಿಸುವಾಗ ಭಾರವನ್ನು ಮರೆಯಬಾರದೆಂಬುದು ಆ ಗಂಡಹೆಂಡಿರಿಗೆ ಗೊತ್ತಿತ್ತು.

ನಾನು ಸಮಾಜ ಪಾಠ ಹೇಳುವವಳು. ನಮ್ಮ ಶಾಲೆಯ ವಿಜ್ಞಾನದ ಟೀಚರಮ್ಮನನ್ನು ಕೇಳಿಕೊಂಡು, ಮಗನ ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಕುಳಿತೆ. ನೀರನ್ನು ತಳ್ಳಿಕೊಂಡೇ ಹೋಗುವ ದೋಣಿಗೆ ಒಂದು ಮಿತಿಯುಂಟು, ಅದು ದೋಣಿಯ ಉದ್ದಕ್ಕೆ ಕಟ್ಟುಬಿದ್ದಿದೆ. ನೀರಿಗೆ ತಾಗುವ ಉದ್ದ ಒಂಬತ್ತು ಅಡಿ ಎನ್ನೋಣ. ಅದರ ವರ್ಗಮೂಲ ಮೂರು. ಅದನ್ನು 1.34ರಿಂದ ಗುಣಿಸಿದರೆ ಗಂಟೆಗೆ ಸುಮಾರು ನಾಲ್ಕು ನಾಟಿಕಲ್ ಮೈಲಿ, ಅಂದರೆ ಏಳೂವರೆ ಕಿಲೋಮೀಟರ್. ಇಷ್ಟಕ್ಕೆ ಎರಡು ಮೂರು ಎಚ್‌ಪಿ ಸಾಕು. ಅದಕ್ಕೂ ಮೀರಿ ಓಡಬೇಕಾದರೆ ದೋಣಿ ನೀರಿನ ಮೇಲಕ್ಕೆದ್ದು ಜಾರಬೇಕು. ತಳ ಚಪ್ಪಟೆಯಿದ್ದು ಇಬ್ಬರೇ ಕುಳಿತರೆ ಎಂಟು ಹತ್ತು ಎಚ್‌ಪಿಗೆ ಎದ್ದೀತು. ನಾಲ್ಕು ಜನ, ಎರಡು ಚೀಲ ಜೋಳ ಹಾಕಿದರೆ ಏಳುವುದಿಲ್ಲ. ಆಗ ಹೆಚ್ಚು ಬಲ ಕೊಟ್ಟಷ್ಟೂ ಮೂತಿ ಮೇಲೆದ್ದು, ಹಿಂಭಾಗ ಕುಸಿದು, ಅಲ್ಲಿಂದಲೇ ನೀರು ಒಳಬರುತ್ತದೆ. ಹದಿನೈದು ಎಚ್‌ಪಿಯ ಫೋರ್ ಸ್ಟ್ರೋಕ್ ಮೋಟಾರ್ ಸುಮಾರು 50 ಕಿಲೋ. ಒಂದು ಸಿಮೆಂಟ್ ಚೀಲವನ್ನು ಹಿಂದಿನ ಹಲಗೆಗೆ ನೇತುಹಾಕಿದಂತೆ. ಐದು ಎಚ್‌ಪಿಯದು ಅದರ ಅರ್ಧದಷ್ಟು. ದೋಣಿ ಕಟ್ಟಿದವರು ಎಷ್ಟು ಎಚ್‌ಪಿಯವರೆಗೆ ಹಾಕಬಹುದೆಂದು ಹೇಳಿರುತ್ತಾರೋ ಅದನ್ನು ದಾಟಲೇಬಾರದು.

“ಹಂಗಾರ ಸೆಳವು ಗಂಟೆಗೆ ಹತ್ತು ಕಿಲೋಮೀಟರ್ ಇದ್ರ?” ಎಂದ ಮಗ.

“ಏಳೂವರೆಯಾಗ ಹತ್ತು ಕಳಿ” ಎಂದೆ.

ಅವನು ನೋಟ್‌ಬುಕ್ಕಿನ ಮೇಲೆ ಕಣ್ಣಿಟ್ಟು ಸುಮ್ಮನಾದ. ಸಣ್ಣ ಮೋಟಾರ್ ತುಂಬಿದ ಹೊಳೆಯನ್ನು ಗೆಲ್ಲುವುದಿಲ್ಲ. ದೊಡ್ಡ ಮೋಟಾರನ್ನು ಸಣ್ಣ ದೋಣಿ ತಾಳುವುದಿಲ್ಲ. ಪ್ರವಾಹದಲ್ಲಿ ಆ ಹತ್ತಡಿ ದೋಣಿಗೆ ಸರಿಯಾದ ಎಚ್‌ಪಿ ಎಂಬುದೇ ಇಲ್ಲ. ದೊಡ್ಡ ಬಲಕ್ಕೂ ಹೊಳೆ ಹೆದರದು. 2019ರ ಆಗಸ್ಟಿನಲ್ಲಿ ತುಂಗಭದ್ರೆಯ ವಿರುಪಾಪುರ ಗಡ್ಡೆಯಲ್ಲಿ ಸಿಕ್ಕಿಕೊಂಡ ಪ್ರವಾಸಿಗರನ್ನು ಕರೆತರಲು ಹೋದವರ ದೋಣಿಯೇ ಮಗುಚಿತ್ತು. ಪುಣ್ಯಕ್ಕೆ ಅದರಲ್ಲಿದ್ದ ಸಿಬ್ಬಂದಿ ಬದುಕಿದರು. ನಮ್ಮ ಕೃಷ್ಣೆಯ ಸ್ವಭಾವವೂ 1982ರಲ್ಲಿ ನಾರಾಯಣಪುರದ ಅಣೆಕಟ್ಟು ಆದ ಮೇಲೆ ಬದಲಾಗಿದೆ. ಮೋಡ ನೋಡಿ ಹೊಳೆ ತಿಳಿಯುವ ಹಾಗಿಲ್ಲ. ಇಲ್ಲಿ ಬಿಸಿಲಿದ್ದಾಗಲೂ ಮಹಾರಾಷ್ಟ್ರದ ಮಳೆ ಗೇಟು ದಾಟಿ ಬರುತ್ತದೆ.

ಕೊನೆಗೆ ಐದು ಎಚ್‌ಪಿ ಎಂದು ತೀರ್ಮಾನವಾಯಿತು. ಹೊಳೆ ಶಾಂತವಿರುವ ತಿಂಗಳುಗಳಲ್ಲಿ ಶಾಲೆಯ ಹುಡುಗಿಯರಿಗೆ, ಸಂತೆಗೆ, ದವಾಖಾನೆಗೆ ಅದು ಧಾರಾಳ. ಉಳಿದ ದುಡ್ಡಿನಲ್ಲಿ ನಾಲ್ಕು ಲೈಫ್ ಜಾಕೆಟ್. ನಡೆಸುವವನು ಬಿದ್ದರೆ ಎಂಜಿನ್ ನಿಲ್ಲಿಸುವ ದಾರವನ್ನು ತಪ್ಪದೆ ಮುಂಗೈಗೆ ಕಟ್ಟಬೇಕು. ಬಂಡೆಗೆ ಬಡಿದು ಪಂಖದ ಪಿನ್ ಮುರಿದರೆ ಹಾಕಲು ಬೇರೆ ಪಿನ್ನು, ಜೊತೆಗೆ ಒಂದು ಜೊತೆ ಹುಟ್ಟು ದೋಣಿಯಲ್ಲೇ ಇರಬೇಕು. ಅಣೆಕಟ್ಟಿನಿಂದ ನೀರು ಬಿಡುವ ಸುದ್ದಿ ಬಂದ ದಿನ ದೋಣಿ ದಂಡೆಯ ಮೇಲೆ. ಇಷ್ಟಕ್ಕೆ ಒಪ್ಪಿದ ಮೇಲೇ ದುಡ್ಡು ಕೊಟ್ಟೆ.

“ಆಕಿ ಬಾಣಂತನ?” ಎಂದ.

“ಮಳಿ ಹಿಡಿಯೂದಕ್ಕಿಂತ ಮೊದಲ ಇಲ್ಲಿಗೆ ಕರಕೊಂಡು ಬಾ. ನಮ್ಮನಿಯಿಂದ ದವಾಖಾನಿಗೆ ಆಟೋ ಸಾಕು.”

ಅವಳು ಜೇಷ್ಠದಲ್ಲೇ ಬಂದಳು. ಶ್ರಾವಣದಲ್ಲಿ ಹೆಣ್ಣು ಕೂಸು ಹುಟ್ಟಿತು. ಅಂದು ಹೊಳೆ ತುಂಬಿತ್ತಂತೆ. ಅಕ್ಕನಿಗೆ ಮೊಮ್ಮಗಳನ್ನು ನೋಡಲು ಬರಲಾಗಲಿಲ್ಲ. ಫೋನಿನಲ್ಲೇ ಅಳುವಿನ ದನಿ ಕೇಳಿಸಿಕೊಂಡಳು. ನೀರು ಇಳಿದ ಹದಿನಾರನೆಯ ದಿನ ಮಗನ ಐದು ಎಚ್‌ಪಿ ದೋಣಿಯಲ್ಲಿ ಜಾಕೆಟ್ ತೊಟ್ಟು ಹೊಳೆ ದಾಟಿ, ಬಸ್ಸು ಹಿಡಿದು ಬಂದಳು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, “ಇದಕ್ಕರ ಒಂದು ಬ್ರಿಡ್ಜ್ ಸಿಗಲಿ” ಎಂದಳು. ಅದಕ್ಕಿಂತ ದೊಡ್ಡ ಹರಕೆ ನನಗೂ ಹೊಳೆಯಲಿಲ್ಲ.