ದಿಕ್ಕುಗೆಟ್ಟವರನ್ನು ಹುಡುಕಿ ಹೋದ ಸಂತ ಜೋಸೆಫ್ ವಾಜ್

ಕಾಸರಗೋಡಿನ ಗಡಿಗೆ ಹತ್ತಿರದ ಮುಡಿಪು ಪುಣ್ಯಕ್ಷೇತ್ರ ನಮಗೆಲ್ಲ ಗೊತ್ತು. ಅಲ್ಲಿ ನಾವು ಸ್ಮರಿಸುವ ಸಂತ ಜೋಸೆಫ್ ವಾಜ್ 1651ರಲ್ಲಿ ಗೋವೆಯಲ್ಲಿ ಹುಟ್ಟಿ, 1681ರಿಂದ 1684ರವರೆಗೆ ಕೆನರಾದಲ್ಲಿ ಸೇವೆ ಮಾಡಿದವರು.

ಆಗ ಡಚ್ಚರ ವಶದಲ್ಲಿದ್ದ ಸಿಲೋನಿನ ಕರಾವಳಿಗೆ ಕಥೋಲಿಕ ಗುರುಗಳು ಕಾಲಿಡುವಂತಿರಲಿಲ್ಲ. ಪಾಪನಿವೇದನೆ ಕೇಳುವವರೂ ಇಲ್ಲದೆ ಅಲ್ಲಿನ ವಿಶ್ವಾಸಿಗಳು ದಿಕ್ಕುಗೆಟ್ಟಿದ್ದರು. 1687ರಲ್ಲಿ ವಾಜ್ ಸ್ವಾಮಿಗಳು ಕೂಲಿಯಾಳಿನ ವೇಷ ತೊಟ್ಟು ಜಾಫ್ನಾ ಸೇರಿದರು. ಭಿಕ್ಷೆ ಬೇಡುತ್ತಲೇ ತಮ್ಮವರನ್ನು ಹುಡುಕಿದರು. ಮುಂದೆ ಬೇಹುಗಾರನೆಂಬ ಶಂಕೆಯಿಂದ ಕ್ಯಾಂಡಿಯಲ್ಲಿ ಸೆರೆಯಾದರೂ ಊರಿಗೆ ಮರಳಲಿಲ್ಲ.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಮನೆಯವರೇ ಕೈಬಿಟ್ಟ ರೋಗಿಗಳಿಗೆ ಅವರು ನೆರಳು ಮಾಡಿಕೊಟ್ಟು, ಉಣಿಸಿ, ಆರೈಕೆ ಮಾಡಿದರು. ಯಾವ ಮತದವರೆಂದು ನೋಡಲಿಲ್ಲ. 1711ರಲ್ಲಿ ಅಲ್ಲೇ ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.

ನೊಂದವರು ತಾವಾಗಿ ಬರಲೆಂದು ಅವರು ಕಾಯಲಿಲ್ಲ. ಬಲಿಪೂಜೆಗೆ ಬರುವುದನ್ನು ನಿಲ್ಲಿಸಿದ ಗೆಳೆಯರ ಮನೆಗೆ ನಾವೇ ಹೋಗೋಣ.