ಒಂದೇ ಊರಿಗೆ ಒಂದೇ ರೋಗವೇಕೆ?



ತೋಟದಲ್ಲಿ ನಾಲ್ಕಾರು ತೆಂಗಿನ ಮರ ಒಟ್ಟಿಗೆ ಒಣಗಿದರೆ ನೀವೇನು ಮಾಡುತ್ತೀರಿ? ಎಲ್ಲಕ್ಕೂ ಒಂದೇ ರೋಗವೋ, ಬೇರೆ ಬೇರೆಯೋ ನೋಡುತ್ತೀರಿ. ಪಕ್ಕದ ತೋಟದ ಮರಗಳು ಹೇಗಿವೆ ಅಂತ ವಿಚಾರಿಸುತ್ತೀರಿ. ಆಮೇಲೆ ಮಣ್ಣೋ, ನೀರೋ, ಹುಳುವೋ ಎಂದು ಕಾರಣ ಹುಡುಕುತ್ತೀರಿ. ಒಂದೇ ಊರಿನ ಹಲವರಿಗೆ ಕ್ಯಾನ್ಸರ್ ಬಂದಾಗ ಆರೋಗ್ಯಾಧಿಕಾರಿಗಳು ಮಾಡುವುದೂ ಇದನ್ನೇ. ಅಂಥ ಒಂದು ಹುಡುಕಾಟದ ಚರಿತ್ರೆ ಕೇಳಿ.

ತುರ್ಕಿ ದೇಶದ ಕಪಡೋಕಿಯ ಸೀಮೆಯಲ್ಲಿ ಕರಾಯಿನ್ ಎಂಬ ಹಳ್ಳಿಯಿದೆ. 1970ರ ದಶಕದಲ್ಲಿ ಅಲ್ಲಿದ್ದವರು ಸುಮಾರು 600 ಮಂದಿ. ಎದೆನೋವು, ಏದುಸಿರು ಎಂದು ಮಲಗಿದವರು ಒಬ್ಬರ ಹಿಂದೊಬ್ಬರು ತೀರಿಕೊಳ್ಳುತ್ತಿದ್ದರು. ಅಂಕಾರಾ ನಗರದ ಡಾಕ್ಟರ್ ಇಜ್ಜೆತ್ತಿನ್ ಬರಿಶ್ ಮತ್ತು ಅವರ ಜೊತೆಯವರು ವಿಚಾರಣೆಗೆ ಇಳಿದರು.

ಮೊದಲು ರೋಗ ಯಾವುದೆಂದು ಖಚಿತ ಮಾಡಿಕೊಂಡರು. ಅದು ಶ್ವಾಸಕೋಶವನ್ನು ಸುತ್ತಿದ ಪೊರೆಗೆ ಬರುವ ಕ್ಯಾನ್ಸರ್. ಬಲು ಅಪರೂಪದ್ದು; ಸಾಮಾನ್ಯವಾಗಿ 10 ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ ಬಂದರೆ ಹೆಚ್ಚು. ಅಷ್ಟು ಸಣ್ಣ ಹಳ್ಳಿಯಲ್ಲಿ ಹಲವರಿಗೆ ಬಂದಿದೆಯೆಂದ ಮೇಲೆ ಇದು ಆಕಸ್ಮಿಕವಲ್ಲ ಎಂಬುದು ಸ್ಪಷ್ಟವಾಯಿತು.

ಬಳಿಕ ನೆರೆಯ ಕರ್ಲಿಕ್ ಹಳ್ಳಿಯನ್ನು ನೋಡಿದರು. ಅಲ್ಲಿ ಈ ಪಿಡುಗು ಇರಲಿಲ್ಲ! ಹಾಗಾದರೆ ವ್ಯತ್ಯಾಸ ಎಲ್ಲಿ? ಈ ಕ್ಯಾನ್ಸರಿಗೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಕಾರಣವೆಂದು ಮೊದಲೇ ಗೊತ್ತಿತ್ತು. ಆದರೆ ಇಲ್ಲಿ ಸಿಕ್ಕಿಬಿದ್ದ ಕಳ್ಳ ಬೇರೆ. ಮನೆ ಕಟ್ಟುತ್ತಿದ್ದ ಮೆದುಕಲ್ಲಿನಲ್ಲಿ ಎರಿಯೊನೈಟ್ ಎಂಬ ಖನಿಜದ, ಕಣ್ಣಿಗೆ ಕಾಣದ ಸೂಜಿಯಂಥ ಎಳೆಗಳಿದ್ದವು. ಕಲ್ಲು ಕಡಿಯುವಾಗ, ಕಸ ಗುಡಿಸುವಾಗ ಎದ್ದ ಧೂಳನ್ನು ಜನ ಹುಟ್ಟಿದಂದಿನಿಂದ ಉಸಿರಾಡಿದ್ದರು. ರೋಗಿಗಳ ಶ್ವಾಸಕೋಶದಲ್ಲೂ ಆ ಎಳೆಗಳು ಸಿಕ್ಕವು. ಊರು ಬಿಟ್ಟು ಸ್ವೀಡನ್ ದೇಶಕ್ಕೆ ಹೋಗಿ ನೆಲೆಸಿದವರನ್ನೂ ರೋಗ ಬಿಡಲಿಲ್ಲ; ಒಳಹೊಕ್ಕ ಧೂಳು ಹತ್ತಾರು ವರ್ಷ ಕಾದು ಕೆಡುಕು ಮಾಡುತ್ತದೆ. 1985ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗವೂ ಇದನ್ನೇ ತೋರಿಸಿತು. 1987ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಎರಿಯೊನೈಟ್ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ಸಾರಿತು. ಇದೇ ಪಿಡುಗಿಗೆ ತುತ್ತಾಗಿದ್ದ ತುಜ್‌ಕೊಯ್ ಹಳ್ಳಿಯ ಜನರಿಗೆ ಮುಂದೆ ಬೇರೆ ಜಾಗದಲ್ಲಿ ಹೊಸ ಮನೆಗಳಾದವು.

ಹಾಗಂತ ಊರಿನಲ್ಲಿ ನಾಲ್ವರಿಗೆ ಕ್ಯಾನ್ಸರ್ ಬಂದ ಕೂಡಲೇ ನೀರಿನಲ್ಲಿ ವಿಷವಿದೆ ಎಂದು ಗಾಬರಿಯಾಗಬೇಡಿ. ಒಬ್ಬರಿಗೆ ಬಾಯಿಯದು, ಇನ್ನೊಬ್ಬರಿಗೆ ಹೊಟ್ಟೆಯದು, ಮತ್ತೊಬ್ಬರಿಗೆ ಸ್ತನದ್ದಾದರೆ ಅವು ಬೇರೆ ಬೇರೆ ರೋಗಗಳು. ಕಾರಣಗಳೂ ಬೇರೆ ಇರಬಹುದು. ಇಂಥ ಅನುಮಾನಗಳಲ್ಲಿ ಹೆಚ್ಚಿನವು ವಿಚಾರಣೆಯಲ್ಲಿ ನಿಲ್ಲುವುದಿಲ್ಲ. ಆದರೆ ಒಂದೇ ಬಗೆಯದು ಹಲವರಿಗೆ ಬಂದರೆ, ಅಥವಾ ಅಪರೂಪದ್ದು ಪದೇ ಪದೇ ಕಂಡರೆ, ಸುಮ್ಮನಿರಬೇಡಿ. ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಅಂಗಕ್ಕೆ, ಯಾವ ವರ್ಷ ಬಂತು, ಅವರು ಮಾಡುತ್ತಿದ್ದ ಕೆಲಸ ಯಾವುದು ಎಂದು ಬರೆದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಕೊಡಿ. ಮನೆಯಲ್ಲಿ ಸಾವಾದರೆ ತಪ್ಪದೆ ನೋಂದಾಯಿಸಿ, ಕಾರಣವನ್ನೂ ಬರೆಸಿ. ಹಣೆಬರಹ, ಶಾಪ, ಆ ಮನೆತನದ ದೋಷ ಎಂದು ಯಾರನ್ನೂ ದೂರವಿಡಬೇಡಿ. ಹಣೆಬರಹ ಅಂತ ಕೈಕಟ್ಟಿ ಕೂತಿದ್ದರೆ ಕರಾಯಿನ್ ಊರಿನ ಗೋಡೆಯೊಳಗಿದ್ದ ಶತ್ರು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.