ಹಬ್ಬಕ್ಕೆ ಮನೆ ಬಳಿಯುವ ಮುಂಚೆ ಅಟ್ಟದ ಪೆಟ್ಟಿಗೆ ನೋಡಿ

ಗೌರಿ ಗಣೇಶ ಹಬ್ಬ ಮುಗಿಯಿತು ಅಂದರೆ ಮಂಡಕಳ್ಳಿ ಸುತ್ತಮುತ್ತಲ ಮನೆಗಳಲ್ಲಿ ಗುಡಿಸಿ ಬಳಿಯುವ ಕೆಲಸ ಶುರು. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡಬೇಕು. ಅದರ ಬೆನ್ನಿಗೇ ದಸರಾ, ಆಯುಧಪೂಜೆ, ಆಮೇಲೆ ದೀಪಾವಳಿ. ಅಟ್ಟದ ಸಾಮಾನೆಲ್ಲ ಅಂಗಳಕ್ಕೆ ಇಳಿಯುತ್ತದೆ. ಬೇಕಾದದ್ದು ಒಳಕ್ಕೆ, ಬೇಡವಾದದ್ದು ಗುಜರಿ ಗಾಡಿಗೆ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲೂ ಹೀಗೇ ಆಯಿತು. ತಾತನ ಟ್ರಂಕು ಇಳಿಸಿದೆವು. ಒಳಗಿದ್ದ ಕಾಗದದ ಕಟ್ಟಿಗೆ ಅಂಚಿನಲ್ಲಿ ಗೆದ್ದಲು ಹಿಡಿದಿತ್ತು. ಬಿಚ್ಚಿ ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ. ಹಳೇ ಪೇಪರ್ ಜೊತೆ ಅದೂ ಕೆಜಿ ಲೆಕ್ಕದಲ್ಲಿ ಹೋಯಿತು. ಮುಂದಿನ ಬೇಸಿಗೆಯಲ್ಲಿ ದೊಡ್ಡಪ್ಪ ಬಂದು, "ತಾತನ ಕಾಲದ ಪಾಲುಪಟ್ಟಿ ಎಲ್ರಪ್ಪಾ?" ಅಂದಾಗ ನಮಗೆ ಬಾಯಿ ಬರಲಿಲ್ಲ. ಪಹಣಿಯ ನಕಲು ತಾಲ್ಲೂಕು ಕಚೇರಿಯಲ್ಲಿ ಸಿಕ್ಕಿತು. ಆದರೆ ಊರ ಹಿರಿಯರನ್ನು ಕೂರಿಸಿ ಬರೆಸಿ, ಹೆಬ್ಬೆಟ್ಟು ಒತ್ತಿದ ಆ ಪಾಲುಪಟ್ಟಿ ರಿಜಿಸ್ಟರ್ ಆಗಿರಲಿಲ್ಲ. ಅದರ ನಕಲು ಯಾವ ಕಚೇರಿಯಲ್ಲೂ ಇಲ್ಲ.

ಅಂದಿನಿಂದ ಈ ಹಬ್ಬದ ಶುಚಿಯ ಬಗ್ಗೆ ಕೇಳುತ್ತಾ, ಓದುತ್ತಾ ಬಂದಿದ್ದೇವೆ. ನಮ್ಮ ಹಿರಿಯರು ಮನೆ ಖಾಲಿ ಮಾಡುತ್ತಿದ್ದ ರೀತಿಯೇ ಬೇರೆ ಇತ್ತು.

ಕಾಳು ಕಾಯುವ ಕೆಲಸ

ಆಗ ಮಣ್ಣಿನ ಗೋಡೆ, ನಾಡಹೆಂಚು ಇಲ್ಲವೇ ಹುಲ್ಲಿನ ಮಾಡು. ಮಳೆಗಾಲದಲ್ಲಿ ನೆಲ, ಗೋಡೆ ಎಲ್ಲ ತೇವ. ಮಳೆ ಹಿಂದೆಗೆಯುವ ಹೊತ್ತಿಗೆ ಪಿತೃಪಕ್ಷ ಬರುತ್ತದೆ. ಹೊಲದಲ್ಲಿ ರಾಗಿ ಇನ್ನೂ ನಿಂತಿರುತ್ತದೆ, ಕೊಯ್ಲಿಗೆ ಒಂದೆರಡು ತಿಂಗಳು ಬಾಕಿ. ನೆಲ ಸಾರಿಸಲು, ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣು ಬಳಿಯಲು, ವಾಡೆ ಗುಡಾಣಗಳನ್ನು ಬಿಸಿಲಿಗಿಡಲು ಅದೇ ಬಿಡುವು. ಬಿತ್ತನೆಗೆ ಇಟ್ಟ ಅವರೆ, ಹುರುಳಿ ಕಾಳಿಗೆ ಹೊಸದಾಗಿ ಬೂದಿ ಬೆರೆಸುತ್ತಿದ್ದರು. ಹಬ್ಬದ ನೆಪದಲ್ಲಿ ನಡೆಯುತ್ತಿದ್ದದ್ದು ವರ್ಷದ ಅನ್ನ ಕಾಯುವ ಕೆಲಸ.

ಹೆಚ್ಚು ರಾಗಿ ಇದ್ದವರಿಗೆ ಹಗೇವು ಇತ್ತು. ಗಟ್ಟಿ ನೆಲದಲ್ಲಿ ತೋಡಿದ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿ ಆಡದ್ದರಿಂದ ಹುಳ ಹತ್ತದೆ ರಾಗಿ ವರ್ಷಗಟ್ಟಲೆ ಉಳಿಯುತ್ತಿತ್ತು. ಆದರೆ ಬಾಯಿ ತೆಗೆದ ತಕ್ಷಣ ಒಳಗಿಳಿದರೆ ಉಸಿರುಕಟ್ಟಿ ಸಾಯುವ ಅಪಾಯ. ಅದಕ್ಕೇ ಮೊದಲು ಗಾಳಿಯಾಡಲು ಬಿಟ್ಟು, ಆಮೇಲೆ ದೀಪ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ.

1876ರಿಂದ 78ರ ಬರ, ಜನ 'ಧಾತು ಬರ' ಅನ್ನುತ್ತಿದ್ದರಲ್ಲ, ಅದು ಕಾಳು ಕೂಡಿಡುವುದರ ಬೆಲೆ ತೋರಿಸಿತು. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷ ದಾಟಿದ್ದರು. 1881ರಲ್ಲಿ ಉಳಿದವರು ಸುಮಾರು 42 ಲಕ್ಷ.

ಇಲಿ ಬಿದ್ದರೆ ಊರು ಬಿಡು

1898ರಲ್ಲಿ ಸಂಸ್ಥಾನಕ್ಕೆ ಪ್ಲೇಗು ಬಂತು. ಕಾಳು ಇರುವಲ್ಲಿ ಇಲಿ, ಇಲಿಯ ಮೈಮೇಲಿನ ಚಿಗಟದಿಂದ ರೋಗ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರೇ ಖಾಲಿಯಾಗಿ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಬಿಸಿಲು ಬೀಳಲೆಂದು ಹೆಂಚು ತೆಗೆಸುವುದು, ಸೋಂಕಿದ ಮನೆಯ ಚಾಪೆ, ಚಿಂದಿ ಸುಡುವುದು ನಡೆಯಿತು. ಮೈಸೂರಿನ ಇಕ್ಕಟ್ಟು ಕೇರಿಗಳನ್ನು ಬಿಡಿಸಿ, ಅಗಲ ರಸ್ತೆಯ ಹೊಸ ಬಡಾವಣೆ ಮಾಡಲು 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡು ಹುಟ್ಟಿತು. ಮುಂದೆ ಅದರ ಜಾಗಕ್ಕೆ ಬಂದದ್ದೇ ಮುಡಾ. ಮನೆಗೆ ಗಾಳಿ ಬೆಳಕು ಬೇಕು, ಮೂಲೆಯಲ್ಲಿ ಕಸ ಕೂಡಬಾರದು ಎಂಬ ಮಾತು ಆ ಭಯದಲ್ಲಿ ಗಟ್ಟಿಯಾಯಿತು.

ಕಾಗದದ ಕಾಲ

ಕಾಂಕ್ರೀಟು ಮನೆ ಬಂತು, ರೇಷನ್ ಬಂತು, ಹಗೇವು ಮುಚ್ಚಿತು. ಅಟ್ಟದ ಮೇಲೆ ಕಾಳಿನ ಬದಲು ಕಾಗದ ಕೂತಿತು.

ನಮ್ಮ ಜಿಲ್ಲೆಯವರೇ ಆದ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ಫಾರಂ 7 ತುಂಬಿ ಭೂನ್ಯಾಯಮಂಡಳಿಗೆ ಕೊಡಬೇಕಿತ್ತು. ಗೇಣಿ ರಸೀತಿ, ಪಹಣಿ ಇದ್ದವರ ಮಾತಿಗೆ ಬಲ ಬಂತು. ಬರೀ ಬಾಯಿಮಾತಿನಲ್ಲಿ ಉಳುತ್ತಿದ್ದವರು ನೆರೆಯವರ ಸಾಕ್ಷಿಯನ್ನು ನಂಬಬೇಕಾಯಿತು. ಒಂದು ಚೂರು ಕಾಗದ ಒಂದು ಸಂಸಾರದ ಹೊಲ ಉಳಿಸಬಹುದಿತ್ತು.

ಮಂಡಕಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಂಜನಗೂಡು ರಸ್ತೆಯ ಈ ಊರ ಪಕ್ಕ ಮಹಾರಾಜರ ಕಾಲದಲ್ಲೇ, 1940ರ ದಶಕದಲ್ಲಿ, ವಿಮಾನ ಇಳಿಯುವ ಬಯಲು ಆಯಿತು. 2010ರಲ್ಲಿ ಹೊಸ ನಿಲ್ದಾಣ ಶುರುವಾಯಿತು. ಈಗ ರನ್‌ವೇ ಉದ್ದ ಮಾಡುವ ಮಾತು, ಅದಕ್ಕೆ ಜಮೀನು. ಭೂಸ್ವಾಧೀನದ ನೋಟಿಸು ಬಂದ ದಿನ ಕೇಳುವುದು ಒಂದೇ: ಈ ಸರ್ವೆ ನಂಬರು ಯಾರದ್ದು, ದಾಖಲೆ ಎಲ್ಲಿ? ಅಣ್ಣತಮ್ಮಂದಿರಲ್ಲಿ ಯಾರ ಪಾಲು ಎಷ್ಟು ಎಂದು ಹೇಳುವುದು ಎಷ್ಟೋ ಸಲ ತಾತನ ಟ್ರಂಕಿನಲ್ಲಿರುವ ಹಾಳೆ.

ಕಾಗದಕ್ಕೆ ಬೇರೆ ಬೆಲೆಯೂ ಉಂಟು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ತಾಳೆಗರಿ ಕಟ್ಟೊಂದನ್ನು ತಂದುಕೊಟ್ಟರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು, ಅದು ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಅಚ್ಚಾಯಿತು. ಕಳೆದೇಹೋಯಿತು ಅಂದುಕೊಂಡಿದ್ದ ಗ್ರಂಥ ಲೋಕಕ್ಕೆ ಸಿಕ್ಕಿದ್ದು ಯಾರೋ ಅದನ್ನು ಕಸ ಅನ್ನದೆ ಇಟ್ಟುಕೊಂಡದ್ದರಿಂದ.

ಈ ಸಲ ಹೀಗೆ ಮಾಡಿ

ಹಳೇ ಡಬ್ಬ, ಹರಿದ ಹಾಸಿಗೆ, ಕೆಟ್ಟ ಮಿಕ್ಸಿ ಹೋಗಲಿ. ಕಾಗದದ ಕಟ್ಟನ್ನು ಮಾತ್ರ ಆ ದಿನವೇ ಗಾಡಿಗೆ ಹಾಕಬೇಡಿ. ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಹೇಗೂ ಪುಸ್ತಕ ಒರೆಸಿ ಇಡುತ್ತೇವೆ. ಅದರ ಹಿಂದಿನ ದಿನ ಈ ಕಟ್ಟನ್ನೂ ಬಿಚ್ಚಿ. ಹಳೇ ಬರಹ ಓದಬಲ್ಲ ಅಜ್ಜನೋ, ದೊಡ್ಡಪ್ಪನೋ ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕ್ರಯಪತ್ರ, ಪಾಲುಪಟ್ಟಿ, ಕಂದಾಯ ರಸೀತಿ, ಸಾಗುವಳಿ ಚೀಟಿ ಬೇರೆ ಮಾಡಿ. ನೆರಳಲ್ಲಿ ಒಣಗಿಸಿ, ಒಂದು ತಗಡಿನ ಪೆಟ್ಟಿಗೆಯಲ್ಲಿ ನೆಲದಿಂದ ಎತ್ತರದಲ್ಲಿಡಿ. ಫೋನಲ್ಲಿ ಫೋಟೋ ಹೊಡೆದು ಮನೆಯ ಇಬ್ಬರಿಗೆ ಕಳಿಸಿ. ಫೋಟೋ ಇದೆ ಅಂತ ಮೂಲ ಕಾಗದ ಬಿಸಾಡಬೇಡಿ.

ನಮ್ಮ ತಾತನ ಟ್ರಂಕಿಗೆ ಆ ವರ್ಷ ನೀಲಿ ಬಣ್ಣ ಬಳಿದೆವು, ನೋಡಲು ಚೆಂದ ಇದೆ. ಪಾಲಿನ ಮಾತು ಇನ್ನೂ ತೀರ್ಮಾನ ಆಗಿಲ್ಲ. ಈ ಸಲ ಪಿತೃಪಕ್ಷದ ಎಡೆಗೆ ದೊಡ್ಡಪ್ಪ ಬಂದರೆ ಸಾಕು ಅಂತ ಕಾಯುತ್ತಿದ್ದೇವೆ.